ಕಾರ್ಡು ಮಲಗಿದ್ದ ತಿಂಗಳುಗಳು

ಜನ್ನಾಪುರ, ಭದ್ರಾವತಿ
೨೪ ಜೂನ್ ೨೦೨೪

ಪ್ರೀತಿಯ ಅಜ್ಜಿಗೆ,

ಕವನಾ ಮಾಡುವ ನಮಸ್ಕಾರ. ಶಾಲೆಯಲ್ಲಿ ಸಂಧ್ಯಾ ಮಿಸ್ ಪತ್ರ ಬರೆಯುವ ಪಾಠ ಮಾಡಿದರು. ಯಾರಿಗಾದರೂ ನಿಜವಾದ ಪತ್ರ ಬರೆದು ಅಂಚೆಗೆ ಹಾಕಿ ಅಂದರು. ಅಪ್ಪ, ಅಮ್ಮ, ಅಪ್ಪನ ಅಮ್ಮ ಹಾಲಮ್ಮಜ್ಜಿ ಎಲ್ಲರೂ ಇದೇ ಮನೆಯಲ್ಲಿದ್ದಾರೆ. ಶಿವಮೊಗ್ಗದಲ್ಲಿರುವವಳು ನೀನೊಬ್ಬಳೇ. ಅದಕ್ಕೇ ನಿನಗೆ.

ಮಾರ್ಕ್ಸಿಗೆ ಒಂದೇ ಪತ್ರ ಸಾಕು. ಆದರೆ ನಾನು ಇನ್ನು ಮುಂದೆ ಯಾವಾಗಲೂ ಬರೆಯುತ್ತೇನೆ. ಫೋನು ನನಗೆ ಬೇಡ. ಫೋನಿನಲ್ಲಿ ನೀನು ತುಂಬಾ ಮೆಲ್ಲಗೆ ಮಾತಾಡುತ್ತೀಯ.

ಮೊನ್ನೆ ತರಗತಿಯಲ್ಲಿ ಒಂದು ತಮಾಷೆ ಆಯಿತು. ಗೊಂಬೆ ಮಾಡುವುದಕ್ಕೆ ನಾಳೆ ಎಲ್ಲರೂ ಮಣ್ಣು ತನ್ನಿ ಎಂದು ಮಿಸ್ ಹೇಳಿದ್ದರಂತೆ. ನನಗೆ ಹಣ್ಣು ತನ್ನಿ ಅಂತ ಕೇಳಿಸಿತು. ಮಾರನೆಯ ದಿನ ಎಲ್ಲರ ಕೈಯಲ್ಲೂ ಜೇಡಿಮಣ್ಣು, ನನ್ನ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ತಿಂದರು. ನನ್ನ ಗೆಳತಿ ಭೂಮಿಕಾ ಮಣ್ಣಿನ ಗಣಪತಿ ಮಾಡಿ ಸೊಂಡಿಲಿನ ಜಾಗಕ್ಕೆ ಬಾಳೆಹಣ್ಣು ಸಿಕ್ಕಿಸಿದಳು. ಆ ಸೊಂಡಿಲನ್ನೂ ಯಾರೋ ತಿಂದುಬಿಟ್ಟರು.

ಮನೆಯಲ್ಲಿ ಟಿವಿ ಜೋರು ಮಾಡುವುದು ನಾನು, ಬೈಸಿಕೊಳ್ಳುವುದು ಹಾಲಮ್ಮಜ್ಜಿ. ಅಕ್ಕಪಕ್ಕದವರು ಅವರಿಗೆ ವಯಸ್ಸಾಯಿತು, ಕಿವಿ ಕೇಳುವುದಿಲ್ಲ ಅಂದುಕೊಂಡಿದ್ದಾರೆ.

ಅಪ್ಪನ ಫೌಂಡ್ರಿಗೆ ಹೊಸ ಕಂಟ್ರಾಕ್ಟರ್ ಬಂದಿದ್ದಾರೆ. ಮಾಚೇನಹಳ್ಳಿಗೆ ಅದೇ ಬಸ್ಸು, ಅದೇ ಕೆಲಸ, ಅಂಗಿಯ ಬಣ್ಣ ಮಾತ್ರ ಬೇರೆ.

ನಿನ್ನ ಮೊಮ್ಮಗಳು,
ಕವನಾ ನಾಗೇಶ್, ಐದನೇ ತರಗತಿ ‘ಬಿ’


ಶಿವಮೊಗ್ಗ
೩ ಜುಲೈ ೨೦೨೪

ಮುದ್ದು ಕವನಾ,

ನಿನ್ನ ಪತ್ರವನ್ನು ನಾನು ಓದಿದೆ, ಎದುರುಮನೆಯವರಿಗೆ ಓದಿ ಹೇಳಿದೆ, ತರಕಾರಿಯವಳಿಗೂ ಹೇಳಿದೆ. ಅವಳು ಒಂದು ಬಾಳೆಹಣ್ಣನ್ನು ಮೂಗಿನ ಹತ್ತಿರ ಹಿಡಿದುಕೊಂಡು ನಗುತ್ತಲೇ ಹೋದಳು.

ಆದರೆ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಮೆಲ್ಲಗೆ ಮಾತಾಡುತ್ತೇನಾ? ನಾನಾ? ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ, ‘ಮಹಾಂತಮ್ಮ ಹಲೋ ಅಂದರೆ ತಂತಿ ಇಲ್ಲದಿದ್ದರೂ ಸಾಗರಕ್ಕೆ ಕೇಳುತ್ತೆ’ ಎಂದು ಜೊತೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಆದರೂ ಅನುಮಾನ ಯಾಕೆ ಎಂದು ಫೋನನ್ನು ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವನು ಅಲ್ಲಿಂದಲೇ ಒಬ್ಬರಿಗೆ ಕರೆ ಹಚ್ಚಿ ನನ್ನ ಕೈಯಲ್ಲಿ ಮಾತಾಡಿಸಿದ. ‘ಫೋನು ಸರಿಯಾಗಿದೆ ಅಮ್ಮಾ, ನೀವೇ ಒಂಚೂರು ಮೆತ್ತಗೆ ಮಾತಾಡಿ’ ಅಂದ.

ಆಮೇಲೆ ಕೂತು ಯೋಚಿಸಿದೆ. ಹೋದ ಭಾನುವಾರ ‘ಊಟಕ್ಕೆ ಏನು ಮಾಡಿದ್ರಿ’ ಅಂದೆ. ನೀನು ‘ಹೂಂ ಅಜ್ಜಿ’ ಅಂದೆ. ‘ಅಮ್ಮ ಎಲ್ಲಿ’ ಅಂದೆ. ಅದಕ್ಕೂ ‘ಹೂಂ ಅಜ್ಜಿ.’ ನೀನು ಫೋನನ್ನು ಯಾವ ಕಿವಿಗೆ ಇಟ್ಟುಕೊಳ್ಳುತ್ತೀಯ ಪುಟ್ಟಿ? ಇನ್ನೊಂದಕ್ಕೆ ಇಟ್ಟುಕೊಂಡು ನೋಡಿದ್ದೀಯಾ?

ಹೋದ ವರ್ಷ ನಿನ್ನ ಕಿವಿಯಲ್ಲಿ ನೀರು ಸೇರಿಕೊಂಡಿದೆ ಎಂದು ಡಾಕ್ಟರು ಹೇಳಿದ್ದರಲ್ಲ. ಆಗಾಗ ಬಂದು ತೋರಿಸಿ ಅಂದಿದ್ದರು. ಈಚೆಗೆ ಹೋಗಿದ್ದಿರಾ? ಅಮ್ಮನನ್ನು ಕೇಳಿ ಬರೆ.

ನಿನ್ನ ದೊಡ್ಡ ಗಂಟಲಿನ ಅಜ್ಜಿ,
ಮಹಾಂತಮ್ಮ


ಜನ್ನಾಪುರ
೧೯ ಜುಲೈ ೨೦೨೪

ಪ್ರೀತಿಯ ಅಜ್ಜಿಗೆ,

ಎರಡೂ ಕಿವಿಗೆ ಇಟ್ಟುಕೊಂಡು ನೋಡಿದೆ. ಎರಡರಲ್ಲೂ ನೀನು ಮೆಲ್ಲಗೇ ಇದ್ದೀಯ.

ಅಮ್ಮನನ್ನು ಕೇಳಿದೆ. ‘ಕಾರ್ಡು ಬಂದ್ಮೇಲೆ ಹೋಗೋಣ’ ಅಂದಳು. ಇಎಸ್‌ಐ ಕಾರ್ಡು. ಅದು ಅಪ್ಪನ ಕೆಲಸದಿಂದ ಬರುವ ವಿಮೆಯಂತೆ. ಅದಿದ್ದರೆ ನಮ್ಮೆಲ್ಲರಿಗೂ ಡಾಕ್ಟರು, ಔಷಧಿ ಉಚಿತ. ಹಳೆಯ ಕಂಟ್ರಾಕ್ಟರ್ ಹೋದಾಗ ಅದು ನಿಂತುಹೋಯಿತು. ಹೊಸ ಕಂಟ್ರಾಕ್ಟರ್ ಭೀಮೇಶ್ ಅಂಕಲ್ ಅಪ್ಪನ ಹೆಸರು ಇನ್ನೂ ಸೇರಿಸಿಲ್ಲ. ‘ಕಾರ್ಡು ಸತ್ತಿಲ್ಲ ಪುಟ್ಟಿ, ಮಲಗಿದೆ ಅಷ್ಟೇ’ ಅಂದರು ಅಪ್ಪ.

ನಮ್ಮ ಬೀದಿಯಲ್ಲಿ ತುಂಬಾ ಜನರ ಕಾರ್ಡು ಮಲಗಿದೆ. ಸೀಬೆಮರ ಹತ್ತಿದರೆ ಅಮ್ಮಂದಿರೆಲ್ಲ ಒಟ್ಟಿಗೆ ‘ಇಳೀರೇ, ಕಾರ್ಡಿಲ್ಲ’ ಅಂತಾರೆ. ನಾವು ಅದನ್ನೇ ಆಟ ಮಾಡಿಕೊಂಡಿದ್ದೇವೆ. ಓಡುವಾಗ ಯಾರು ಬೀಳುತ್ತಾರೋ ಅವರು ಔಟು, ಮಿಕ್ಕವರು ‘ಕಾರ್ಡಿಲ್ಲ, ಕಾರ್ಡಿಲ್ಲ’ ಅಂತ ಕುಣಿಯಬೇಕು.

ಭೂಮಿಕಾಗೆ ಹಲ್ಲುನೋವು. ಅವರ ಅಪ್ಪನೂ ಅದೇ ಫೌಂಡ್ರಿ. ಕಾರ್ಡು ಏಳುವವರೆಗೆ ಲವಂಗ ಕಚ್ಚಿಕೊಂಡಿರು ಅಂದಿದ್ದಾರೆ, ಅವಳ ಬಾಯಿ ಯಾವಾಗಲೂ ಪಲಾವಿನ ವಾಸನೆ. ಹಾಲಮ್ಮಜ್ಜಿ ನನ್ನ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಾರೆ, ನಾನು ಒಗ್ಗರಣೆಯ ವಾಸನೆ. ನಾವಿಬ್ಬರೂ ಒಂದೇ ಬೆಂಚು. ನಮ್ಮ ಹತ್ತಿರ ಬಂದರೆ ಸಂಧ್ಯಾ ಮಿಸ್‌ಗೆ ಹಸಿವಾಗುತ್ತದಂತೆ.

ಇದನ್ನೆಲ್ಲ ಅಜ್ಜಿಗೆ ಬರೆಯಬೇಡ ಎಂದು ಅಮ್ಮ ಹೇಳಿದ್ದಾಳೆ. ಆದ್ದರಿಂದ ನೀನು ಓದಿಲ್ಲ ಅಂದುಕೋ.

ನಿನ್ನ,
ಕವನಾ


ಶಿವಮೊಗ್ಗ
೨೭ ಜುಲೈ ೨೦೨೪

ಚಿರಂಜೀವಿ ಶೀತಲ್‌ಗೆ ಅಮ್ಮನ ಆಶೀರ್ವಾದ.

ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನೂ ಚೆನ್ನಾಗಿದ್ದೇನೆ. ನನಗೆ ಯಾರೂ ಏನೂ ಹೇಳಿಲ್ಲ, ಯಾರ ಪತ್ರದಲ್ಲೂ ಏನನ್ನೂ ಓದಿಲ್ಲ.

ಸುಮ್ಮನೆ ತೋಚಿತು, ಬರೆಯುತ್ತಿದ್ದೇನೆ. ಇಲ್ಲಿ ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಕಿವಿಯ ವಿಭಾಗ ಚೆನ್ನಾಗಿದೆಯಂತೆ. ಅಲ್ಲಿ ತೋರಿಸುವುದಕ್ಕೆ ಯಾವ ಕಾರ್ಡೂ ಬೇಕಿಲ್ಲ. ಚೀಟಿ ಮಾಡಿಸುವ ಸಾಲಿನಲ್ಲಿ ನಾನು ಮೊದಲೇ ಹೋಗಿ ನಿಂತಿರುತ್ತೇನೆ. ನನಗೆ ಬೇರೆ ಏನು ಕೆಲಸ? ಕವನಾಳನ್ನು ಕರೆದುಕೊಂಡು ಒಂದು ದಿನ ಬಾ.

ನಾಗೇಶ್‌ಗೆ ಕೇಳಿದೆನೆಂದು ಹೇಳು.

ಇತಿ,
ಅಮ್ಮ


ಜನ್ನಾಪುರ
೯ ಆಗಸ್ಟ್ ೨೦೨೪

ಅಮ್ಮಾ,

ನಿನ್ನ ಪತ್ರ ಬಂತು. ಕವನಾ ಚೆನ್ನಾಗಿದ್ದಾಳೆ, ಆಡಿಕೊಂಡಿದ್ದಾಳೆ. ಚಿಂತೆ ಮಾಡಬೇಡ. ಮುಂದಿನ ತಿಂಗಳು ಕಾರ್ಡು ಸರಿಯಾಗುತ್ತದೆ ಎಂದು ಕಂಟ್ರಾಕ್ಟರ್ ಖಂಡಿತವಾಗಿ ಹೇಳಿದ್ದಾರೆ. ಆಗ ಮೊದಲಿನ ಡಾಕ್ಟರ ಹತ್ತಿರವೇ ತೋರಿಸುತ್ತೇವೆ. ನಮ್ಮ ಮನೆಯ ವಿಷಯ ನಾವು ನೋಡಿಕೊಳ್ಳುತ್ತೇವೆ.

ನಿನ್ನ ಮಂಡಿನೋವು ಹೇಗಿದೆ?

ಶೀತಲ್


ಜನ್ನಾಪುರ
೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಅಜ್ಜಿಗೆ,

ಇವತ್ತು ನಾನು ಹಾರಿದೆ! ಸುಳ್ಳಲ್ಲ. ಶಾಲೆಯಿಂದ ಬರುವಾಗ ಅಮ್ಮ ಅಂಗಡಿಯಲ್ಲಿ ಕೊತ್ತಂಬರಿ ತೆಗೆದುಕೊಳ್ಳುತ್ತಿದ್ದಳು. ನಾನು ರಸ್ತೆಯ ಆ ಕಡೆ ಭೂಮಿಕಾಳನ್ನು ಕಂಡು ಹೊರಟೆ. ಯಾರೋ ಹಿಂದಿನಿಂದ ನನ್ನ ಬ್ಯಾಗನ್ನು ಹಿಡಿದು ಎತ್ತಿದರು. ನನ್ನ ಕಾಲು ಎರಡೂ ಗಾಳಿಯಲ್ಲಿತ್ತು. ಆಮೇಲೆ ನನ್ನ ಮುಂದೆಯೇ ಒಂದು ನೀರಿನ ಟ್ಯಾಂಕರ್ ಹೋಯಿತು. ಎತ್ತಿದವರು ಹೂವಿನ ಅಕ್ಕ. ‘ಅಷ್ಟು ಹಾರ್ನ್ ಹೊಡೀತಾನೆ, ಕೇಳಲ್ವೇನೇ ಮಾರಾಯ್ತಿ!’ ಅಂತ ಅವರೇ ನಡುಗುತ್ತಿದ್ದರು. ಅವರ ಬುಟ್ಟಿ ಉರುಳಿ ಸೇವಂತಿಗೆಯೆಲ್ಲ ರಸ್ತೆಯ ಮೇಲೆ. ನಾನು, ಭೂಮಿಕಾ ಆರಿಸಿಕೊಟ್ಟೆವು. ಅಮ್ಮ ಆರಿಸಲಿಲ್ಲ. ಕೊತ್ತಂಬರಿ ಹಿಡಿದುಕೊಂಡು ಹಾಗೇ ನಿಂತಿದ್ದಳು.

ಹಾರ್ನ್ ಹೊಡೆದಿದ್ದು ಸುಳ್ಳಿರಬೇಕು ಅಜ್ಜಿ. ಹೊಡೆದಿದ್ದರೆ ನನಗೆ ಕೇಳುತ್ತಿರಲಿಲ್ಲವಾ?

ಮನೆಗೆ ಬಂದ ಮೇಲೆ ಅಮ್ಮ ನನಗೆ ಬೈಯಲೇ ಇಲ್ಲ. ಅದೇ ಆಶ್ಚರ್ಯ. ರಾತ್ರಿಯ ಊಟಕ್ಕೆ ಶಾವಿಗೆ ಪಾಯಸ ಮಾಡಿದಳು.

ನಿನ್ನ,
ಹಾರುವ ಕವನಾ


ಜನ್ನಾಪುರ
೩ ಸೆಪ್ಟೆಂಬರ್ ೨೦೨೪

ಅಮ್ಮಾ,

ಕವನಾ ನಿನಗೆ ಬರೆದಿರುತ್ತಾಳೆ. ಅವಳಿಗೆ ಅದು ಆಟ. ನಾನು ಆ ಹಾರ್ನ್ ಕೇಳಿಸಿಕೊಂಡೆ. ಇಡೀ ಜನ್ನಾಪುರ ಕೇಳಿಸಿಕೊಂಡಿತು. ಅವಳು ಮಾತ್ರ ತಲೆಯನ್ನೂ ತಿರುಗಿಸಲಿಲ್ಲ. ಇವತ್ತು ಬೆಳಿಗ್ಗೆಯಿಂದ ಯಾವ ಕೆಲಸ ಮಾಡಿದರೂ ಅದೇ ಕಣ್ಣಮುಂದೆ ಬರುತ್ತಿದೆ.

ನಿನಗೆ ಇದನ್ನು ಹೇಗೆ ತಿಳಿಸಿ ಹೇಳಲಿ? ನಾನು ಮಗುವನ್ನು ನಿರ್ಲಕ್ಷಿಸಿ ಕೂತಿದ್ದವಳಲ್ಲ. ಕಾರ್ಡು ಇಲ್ಲವೇ ಇಲ್ಲ, ಇನ್ನು ಬರುವುದೂ ಇಲ್ಲ ಎಂದಿದ್ದರೆ ಅವತ್ತೇ ಅವಳನ್ನು ಎತ್ತಿಕೊಂಡು ನಿನ್ನ ದೊಡ್ಡಾಸ್ಪತ್ರೆಗೆ ಬರುತ್ತಿದ್ದೆ. ಆದರೆ ಬರುತ್ತದೆ, ಬರುತ್ತದೆ, ಮುಂದಿನ ತಿಂಗಳು ಬಂದೇ ಬರುತ್ತದೆ ಎನ್ನುತ್ತಿದ್ದರಲ್ಲ, ಅದು ನಮ್ಮನ್ನು ಕಟ್ಟಿಹಾಕಿತು. ಮೊದಲಿನ ಡಾಕ್ಟರಿಗೆ ಅವಳ ಕಿವಿ ಗೊತ್ತು, ಇನ್ನೊಂದು ತಿಂಗಳು ತಾನೇ ಎಂದು ಪ್ರತಿ ತಿಂಗಳೂ ಅಂದುಕೊಂಡೆ. ಜ್ವರ ಬಂದಿದ್ದರೆ ಓಡುತ್ತಿದ್ದೆ. ನೋವು ಎಂದು ಅತ್ತಿದ್ದರೆ ಓಡುತ್ತಿದ್ದೆ. ಅವಳು ಅಳಲೇ ಇಲ್ಲ ಅಮ್ಮಾ. ನಗುನಗುತ್ತಾ ದೂರ ದೂರ ಹೋದಳು. ನಾನು ಕರೆದಾಗ ತಿರುಗದಿದ್ದರೆ ಹಟ ಅಂದುಕೊಂಡೆ.

ನಿನಗೆ ಹೇಳದೇ ಇದ್ದದ್ದಕ್ಕೆ ಬೇರೆಯೇ ಕಾರಣ. ‘ಪರ್ಮನೆಂಟ್ ಕೆಲಸದವನಲ್ಲ ಅಂತ ಮದುವೆಗೆ ಮುಂಚೆಯೇ ಅಂದಿದ್ದೆ’ ಎಂದು ನೀನು ಹೇಳಿಬಿಡುತ್ತೀಯೇನೋ ಎಂದು ಹೆದರಿದೆ. ಅವರು ಎಷ್ಟು ದುಡಿಯುತ್ತಾರೆ ಎಂದು ನನಗೆ ಗೊತ್ತು. ಆ ಮಾತು ಅವರ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು.

ಇನ್ನು ಕಾಯುವುದಿಲ್ಲ. ಯಾವತ್ತು ಬರಲಿ, ಹೇಳು.

ಶೀತಲ್


ಶಿವಮೊಗ್ಗ
೬ ಸೆಪ್ಟೆಂಬರ್ ೨೦೨೪

ಶೀತಲ್,

ಹಬ್ಬ ಮುಗಿಸಿಕೊಂಡು ಗುರುವಾರ ಬೆಳಗಿನ ಬಸ್ಸಿಗೆ ಬನ್ನಿ. ಬಸ್‌ಸ್ಟ್ಯಾಂಡಿಗೆ ಬರಲು ಹೇಳಬೇಡ, ನಾನು ಆಗಲೇ ಆಸ್ಪತ್ರೆಯ ಸಾಲಿನಲ್ಲಿರುತ್ತೇನೆ.

ನಾನು ಏನೆನ್ನುತ್ತೇನೋ ಎಂದು ಬರೆದಿದ್ದೀಯಲ್ಲ, ಅದನ್ನು ನಾನು ಅನ್ನುವುದಿಲ್ಲ. ಅನ್ನುವುದು ಇಷ್ಟೇ: ಹಸಿದುಕೊಂಡು ಬರಬೇಡಿ. ಅಕ್ಕಿರೊಟ್ಟಿ, ಕಾಯಿಚಟ್ನಿ ಕಟ್ಟಿಕೊಂಡು ಬಂದಿರುತ್ತೇನೆ. ಕವನಾ ಎರಡು ದಿನ ನನ್ನ ಹತ್ತಿರ ಇರಲಿ. ಅವಳ ಬಟ್ಟೆ ತಾ.

ಹೂವಿನವಳ ಹೆಸರು ಕೇಳಿ ಇಟ್ಟುಕೋ. ಅವಳಿಗೆ ಒಂದು ಸೀರೆ ಉಡಿಸಬೇಕು.

ಅಮ್ಮ


ಶಿವಮೊಗ್ಗ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಅಪ್ಪನಿಗೂ ಹಾಲಮ್ಮಜ್ಜಿಗೂ,

ನಾನು ಅಜ್ಜಿಯ ಮನೆಯಲ್ಲಿ ರಾಣಿಯ ಹಾಗಿದ್ದೇನೆ. ಅಮ್ಮ ನಿಮಗೆ ಎಲ್ಲ ಹೇಳಿರುತ್ತಾಳೆ, ಆದರೆ ಅವಳು ತಮಾಷೆಗಳನ್ನು ಬಿಟ್ಟಿರುತ್ತಾಳೆ.

ಆಸ್ಪತ್ರೆಯಲ್ಲಿ ಒಂದು ಗಾಜಿನ ಕಿಟಕಿಯ ಪುಟ್ಟ ಕೋಣೆ ಇದೆ. ನನ್ನ ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತು ಅಂದರು. ಕಿಟಕಿಯ ಆ ಕಡೆ ಒಬ್ಬರು ಅಕ್ಕ ಕೂತಿದ್ದರು. ಸದ್ದು ಬಿಡುವಾಗಲೆಲ್ಲ ಅವರ ಹುಬ್ಬು ಮೇಲೆ ಹೋಗುತ್ತಿತ್ತು. ನಾನು ಹುಬ್ಬು ನೋಡಿಕೊಂಡು ಒತ್ತಿದೆ. ಎಲ್ಲವೂ ಸರಿ! ಆಮೇಲೆ ಅವರಿಗೆ ಗೊತ್ತಾಗಿ ನಕ್ಕುಬಿಟ್ಟರು, ‘ಭಾರೀ ಜಾಣೆ ಕಣೇ ನೀನು’ ಅಂತ ಬೆನ್ನು ತಿರುಗಿಸಿ ಕೂತರು. ಆಗ ಆಟ ಕಷ್ಟವಾಯಿತು. ಎಷ್ಟು ಹೊತ್ತು ಕಾದರೂ ಸದ್ದೇ ಬರಲಿಲ್ಲ.

ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಕಿವಿಯೊಳಗೆ ತಮಟೆಯ ಹಾಗೆ ಒಂದು ಪರದೆ ಇದೆಯಂತೆ. ಅದರ ಹಿಂದೆ ಅಂಟು ಅಂಟು ನೀರು ತುಂಬಿಕೊಂಡಿದೆ. ಒದ್ದೆ ತಮಟೆ ಬಾರಿಸಿದರೆ ಕೇಳುತ್ತಾ? ಅದಕ್ಕೇ. ‘ಮಧ್ಯೆ ಮಧ್ಯೆ ತೋರಿಸ್ತಾ ಇದ್ದಿದ್ರೆ ಇಷ್ಟಾಗ್ತಿರಲಿಲ್ಲ’ ಅಂದರು. ಅಮ್ಮ ನೆಲ ನೋಡಿದಳು. ಅಜ್ಜಿ ಅಮ್ಮನ ಕೈ ಹಿಡಿದುಕೊಂಡಳು. ‘ಈಗಲೂ ಏನೂ ಹೊತ್ತು ಮೀರಿಲ್ಲ, ಪೂರ್ತಿ ಸರಿಹೋಗುತ್ತೆ’ ಅಂದರು ಡಾಕ್ಟರಮ್ಮ. ಆಮೇಲೆ ಅಮ್ಮ ಅವರನ್ನು ನೋಡಿದಳು.

ಮೊದಲು ಔಷಧಿ. ನೀರು ಇಳಿಯದಿದ್ದರೆ ಸಾಸಿವೆ ಕಾಳಿನಷ್ಟು ಕೊಳವೆ ಇಡುತ್ತಾರೆ. ನಿದ್ದೆ ಬರಿಸಿ ಇಡುವುದರಿಂದ ನೋವಾಗುವುದಿಲ್ಲ.

ಹಾಲಮ್ಮಜ್ಜಿ, ಬೆಳ್ಳುಳ್ಳಿ ಎಣ್ಣೆ ಇನ್ನು ಬೇಡವಂತೆ. ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ಚಿತ್ರಾನ್ನಕ್ಕೆ ಹಾಕಿ.

ನಿಮ್ಮ,
ಕವನಾ


ಜನ್ನಾಪುರ
೧೦ ನವೆಂಬರ್ ೨೦೨೪

ಅಮ್ಮಾ,

ಔಷಧಿಯಿಂದ ನೀರು ಇಳಿಯಲಿಲ್ಲ, ಕೊಳವೆ ಇಡಲೇಬೇಕು ಎಂದು ಹೋದ ವಾರ ಡಾಕ್ಟರಮ್ಮ ಹೇಳಿದ್ದು ನಿನಗೆ ಗೊತ್ತು. ಆಮೇಲೆ ನಡೆದದ್ದು ಗೊತ್ತಿಲ್ಲ. ಕೂತುಕೊಂಡು ಓದು.

ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ಈ ಸಲ ಹೇಗೋ ದಾರಿ ಆಯಿತು. ಕೊಳವೆ ಇಟ್ಟ ಮೇಲೂ ವರ್ಷಗಟ್ಟಲೆ ತೋರಿಸುತ್ತಿರಬೇಕು. ನಾಳೆ ಜ್ವರ ಬರಬಹುದು, ಬೀಳಬಹುದು. ಪ್ರತಿ ಸಲವೂ ಕಾರ್ಡಿಗೆ ಕಾಯುತ್ತಾ ಕೂರಬೇಕೇ? ಸಂಜೆ ನಲ್ಲಿಯ ಹತ್ತಿರ ಇದನ್ನೇ ಅಂದೆ. ಅಂದದ್ದೇ ತಡ, ಒಬ್ಬೊಬ್ಬರೂ ಬಾಯಿಬಿಟ್ಟರು. ಭೂಮಿಕಾಳ ಹಲ್ಲು ಕೀವಾಗಿದೆ. ಹಿಂದಿನ ಮನೆಯ ಮಗುವಿನ ಕಣ್ಣು ತೋರಿಸಿಲ್ಲ. ಕೊನೆಯ ಮನೆಯವಳು ಕೂಸಿನ ಕೆಮ್ಮಿಗೆ ಅಂಗಡಿಯ ಸಿರಪ್ಪು ಕುಡಿಸಿ ಕುಡಿಸಿ ಸಾಕಾಗಿದ್ದಾಳೆ. ಎಲ್ಲರೂ ತಾವೊಬ್ಬರೇ ಕಾಯುತ್ತಿದ್ದೇವೆ ಅಂದುಕೊಂಡಿದ್ದರು!

ಶುಕ್ರವಾರ ಮಕ್ಕಳನ್ನು ಕರೆದುಕೊಂಡು ಎಲ್ಲರೂ ಮಾಚೇನಹಳ್ಳಿಯ ಬಸ್ಸು ಹತ್ತಿದೆವು. ನಮ್ಮತ್ತೆಯೂ ಹೊರಟರು. ‘ನಾನಿಲ್ದೆ ನಿಮಗೆ ಮಾತಾಡಕ್ಕೆ ಬರುತ್ತಾ?’ ಅಂದರು. ಇವರಿಗೆ ಮಾತ್ರ ಹೇಳಿರಲಿಲ್ಲ. ಹೇಳಿದ್ದರೆ ಕೆಲಸಕ್ಕೆ ಎಲ್ಲಿ ತೊಂದರೆಯೋ ಎಂದು ಇಬ್ಬರೂ ಹೆದರಿ ಕೂರುತ್ತಿದ್ದೆವು.

ಗೇಟಿನಲ್ಲಿ ಕಾವಲಿನ ಹುಲಿಯಪ್ಪ ಕೈ ಅಡ್ಡ ಹಿಡಿದರು. ‘ಇಷ್ಟು ಜನ ಒಳಗೆ ಬಿಡೋ ಹಾಗಿಲ್ಲ ಅಮ್ಮಾ.’

‘ನಾವ್ಯಾಕೆ ಒಳಗೆ ಬರ್ತೀವಿ? ಆ ಭೀಮೇಶನ್ನ ಹೊರಗೆ ಕರಿ’ ಅಂದರು ನಮ್ಮತ್ತೆ.

ಕರೆಯಲು ಹೋದವರು ಬರುವಷ್ಟರಲ್ಲಿ ಹೊಂಗೆಮರದ ಕೆಳಗೆ ಕೂತು ಬುತ್ತಿ ಬಿಚ್ಚಿದೆವು. ಮಕ್ಕಳಿಗೆ ಇದು ಪಿಕ್‌ನಿಕ್. ಹುಲಿಯಪ್ಪನವರಿಗೂ ಒಂದು ಎಲೆಯಲ್ಲಿ ಪುಳಿಯೋಗರೆ ಕೊಟ್ಟೆವು. ಆಮೇಲೆ ಅವರು ಗೇಟು ಪೂರ್ತಿ ತೆಗೆದು, ತಾವೇ ಮಕ್ಕಳಿಗೆ ನೀರು ತಂದುಕೊಟ್ಟರು.

ಭೀಮೇಶ್ ಬಂದರು. ‘ಎಲ್ಲಾ ಕಳಿಸಿದ್ದೀನಿ ಕಣ್ರಮ್ಮಾ. ಸರ್ವರ್ ಇಲ್ಲ, ಅದಕ್ಕೇ ಲೇಟು.’

ನಮ್ಮತ್ತೆ ಬೆರಳು ನೆಕ್ಕಿಕೊಂಡು ಕೇಳಿದರು, ‘ಸರ್ವರ್ ಇಲ್ದಿದ್ರೆ ಹೋಟ್ಲಲ್ಲಿ ಮಾಲೀಕನೇ ಬಡಿಸ್ತಾನೆ. ನೀನ್ಯಾಕೆ ಬಡಿಸ್ಲಿಲ್ಲ ಮಾರಾಯ?’

ಹುಲಿಯಪ್ಪನವರಿಗೆ ಪುಳಿಯೋಗರೆ ನೆತ್ತಿಗೇರಿತು.

ಭೀಮೇಶ್‌ರ ಮುಖ ಕೆಂಪಾಯಿತು. ಅಷ್ಟರಲ್ಲಿ ಗದ್ದಲ ಕೇಳಿ ಇವರು ಒಳಗಿನಿಂದ ಬಂದರು, ಮುಖ ಮೈ ಎಲ್ಲ ಕಪ್ಪು ಮರಳು. ನನ್ನನ್ನು ಕಂಡು ನಿಂತುಬಿಟ್ಟರು.

‘ನಾಗೇಶ್, ಮನೆಯವರನ್ನ ಕಳಿಸಿ ಬನ್ನಿ. ನಿಮ್ಮ ಕೆಲಸದ ವಿಷ್ಯ ಆಮೇಲೆ ಮಾತಾಡೋಣ’ ಅಂದರು ಭೀಮೇಶ್.

ಇವರು ನಿಧಾನಕ್ಕೆ ನಡೆದುಬಂದು ನನ್ನ ಪಕ್ಕ ನಿಂತರು. ‘ಅವಳು ಏನು ಕೇಳ್ತಿದ್ದಾಳೋ ನಾನೂ ಅದನ್ನೇ ಕೇಳೋದು ಸಾರ್’ ಅಂದರು. ಅವರ ಹಿಂದೆ ಭೂಮಿಕಾಳ ಅಪ್ಪ ಬಂದು ನಿಂತರು. ಆಮೇಲೆ ಮಿಕ್ಕವರು.

ಆಗ ಫ್ಯಾಕ್ಟರಿಯ ಮ್ಯಾನೇಜರ್ ಪ್ರಸನ್ನಕುಮಾರ್ ಎನ್ನುವವರು ಊಟ ಮುಗಿಸಿ ಬಂದರು. ಇದೇನು ಜಾತ್ರೆ ಎಂದು ವಿಚಾರಿಸಿದರು. ಎಲ್ಲವನ್ನೂ ಹೇಳಿದೆ, ಮುಗಿಯುವವರೆಗೆ ನಿಲ್ಲಿಸಲಿಲ್ಲ. ಅವರು ಕವನಾಳ ಕಡೆ ಬಗ್ಗಿ ‘ನಿನ್ನ ಹೆಸರೇನಮ್ಮ?’ ಅಂದರು. ಅವಳು ದೊಡ್ಡ ನಗೆ ನಕ್ಕು, ‘ಬಸ್ಸಲ್ಲಿ!’ ಅಂದಳು.

ಯಾರೂ ನಗಲಿಲ್ಲ. ಮ್ಯಾನೇಜರ್ ನಿಧಾನಕ್ಕೆ ನೆಟ್ಟಗೆ ನಿಂತರು. ‘ಹೆಸರು ಸೇರಿಸಿದ್ದೀನಿ ಅಂತ ನನಗೆ ಹೇಳಿದ್ರಲ್ಲ ಭೀಮೇಶ್?’ ಅಂದರು. ಅಷ್ಟೇ. ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಇಷ್ಟು ತಿಂಗಳು ಮೇಲೇಳದಿದ್ದ ಸರ್ವರ್ ಸಂಜೆಯ ಚಹಾಕ್ಕೆ ಮುಂಚೆ ಎದ್ದು ಕೂತಿತು! ಎಲ್ಲರ ಹೆಸರೂ ಸೇರಿದೆ ಅಮ್ಮಾ. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದೂ ಎಲ್ಲರ ಎದುರಿಗೇ ಹೇಳಿಸಿದರು.

ಬಸ್ಸಿನಲ್ಲಿ ‘ಕಾರ್ಡು ಎದ್ದಿತು’ ಎಂದು ಮಕ್ಕಳು ಹಾಡು ಕಟ್ಟಿ ಅರಚಿದ್ದೇ ಅರಚಿದ್ದು. ಕಂಡಕ್ಟರ್ ಬೈಯಲಿಲ್ಲ.

ನಿನ್ನ,
ಶೀತಲ್


ಶಿವಮೊಗ್ಗ
೧೬ ನವೆಂಬರ್ ೨೦೨೪

ನನ್ನ ಮಗಳೇ,

ನಿನ್ನ ಪತ್ರ ಓದಿ ಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಮನೆಗೆ ಯಾರಾದರೂ ಬಂದರೆ ಮಾತಾಡದೆ ಒಳಗೆ ಓಡುತ್ತಿದ್ದ ಹುಡುಗಿ ನೀನು. ಫ್ಯಾಕ್ಟರಿಯ ಗೇಟಿನಲ್ಲಿ ನಿಂತು ಮಾತಾಡಿದೆಯಾ!

ಹಾಲಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ಅಂಥ ಗಂಟಲು ನಮ್ಮ ಎಕ್ಸ್‌ಚೇಂಜಿಗೆ ಬೇಕಿತ್ತು.

ನಾಗೇಶ್ ನಿನ್ನ ಪಕ್ಕ ಬಂದು ನಿಂತ ಭಾಗವನ್ನು ಮತ್ತೆ ಮತ್ತೆ ಓದಿದೆ. ಅವರಿಗೆ ಹೇಳು... ಬೇಡ, ನೀನು ಹೇಳಬೇಡ. ಕವನಾಳ ಆಪರೇಷನ್ನಿನ ದಿನ ಸಿಗುತ್ತಾರಲ್ಲ, ನಾನೇ ಹೇಳುತ್ತೇನೆ.

ಅಮ್ಮ


ಜನ್ನಾಪುರ
೨೨ ಡಿಸೆಂಬರ್ ೨೦೨೪

ಪೂಜ್ಯ ಅತ್ತೆಯವರಿಗೆ ನಾಗೇಶ್ ಮಾಡುವ ನಮಸ್ಕಾರಗಳು.

ನಿಮಗೆ ನಾನು ಪತ್ರ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಳ್ಳಿ. ಗುರುವಾರ ಆಪರೇಷನ್ ಥಿಯೇಟರಿನ ಹೊರಗೆ ನೀವು ನನ್ನ ಪಕ್ಕದಲ್ಲಿ ಕೂತು ಹೇಳಿದ ಮಾತಿಗೆ ಉತ್ತರವಾಗಿ ಮನೆಯ ಸುದ್ದಿ ಬರೆಯುತ್ತೇನೆ.

ಮನೆಗೆ ಬಂದ ಕೂಡಲೇ ಕವನಾ ಬಾಗಿಲಲ್ಲೇ ನಿಂತಳು. ‘ಅಪ್ಪಾ, ಅದೇನು ಚರ್ ಚರ್ ಅಂತಿದೆ?’ ಅಂದಳು. ಅದು ಅವಳದೇ ಚಪ್ಪಲಿ. ನಡೆದಳು, ನಿಂತಳು, ಮತ್ತೆ ನಡೆದಳು. ಆಮೇಲೆ ಅಡುಗೆಮನೆಗೆ ಹೋದಳು. ಶೀತಲ್ ಸಾರಿಗೆ ಒಗ್ಗರಣೆ ಹಾಕಿದಾಗ ಹಾರಿಬಿದ್ದು, ‘ಸಾಸಿವೆ ಮಾತಾಡುತ್ತೆ!’ ಎಂದು ನಮ್ಮನ್ನೆಲ್ಲ ಕರೆದಳು. ಅವಳಿಗಾಗಿ ಮತ್ತೆ ಒಗ್ಗರಣೆ ಹಾಕಬೇಕಾಯಿತು. ಆ ದಿನ ನಮ್ಮ ಮನೆಯಲ್ಲಿ ಸಾರಿಗೂ ಒಗ್ಗರಣೆ, ಮಜ್ಜಿಗೆಗೂ ಒಗ್ಗರಣೆ, ಅನ್ನಕ್ಕೂ ಒಗ್ಗರಣೆ. ನಮ್ಮಮ್ಮನಂತೂ ಇನ್ನೂ ಏನಾದರೂ ಉಳಿದಿದೆಯಾ ಎಂದು ಡಬ್ಬಿಗಳನ್ನು ತೆಗೆಯುತ್ತಿದ್ದರು.

ಹಲ್ಲಿ ಲೊಚಗುಟ್ಟಿದ್ದು ಕೇಳಿ ಹೆದರಿದಳು. ಶೀತಲ್‌ಳ ಬಳೆ ಕೇಳಿ ನಕ್ಕಳು. ನಾನು ಗೊರಕೆ ಹೊಡೆಯುತ್ತೇನೆ ಎಂದು ಬೀದಿಗೆಲ್ಲ ಸಾರಿದಳು.

ಸಂಜೆ ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅವಳು ನನಗೆ ಬೆನ್ನು ಮಾಡಿ ಗಿಡಕ್ಕೆ ನೀರು ಹಾಕುತ್ತಿದ್ದಳು. ಸುಮ್ಮನೆ ಒಂದು ಸಲ, ಜೋರಾಗಿ ಅಲ್ಲ, ಎಲ್ಲ ಮನೆಗಳಲ್ಲಿ ಕರೆಯುವ ಹಾಗೆ ‘ಕವನಾ’ ಅಂದೆ. ತಿರುಗಿ ‘ಏನಪ್ಪಾ?’ ಅಂದಳು.

ನನಗೆ ಏನೂ ಬೇಕಿರಲಿಲ್ಲ ಅತ್ತೆ. ‘ಏನಿಲ್ಲ ಪುಟ್ಟಿ’ ಅಂದು ಒದ್ದೆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡೆ.

ಸಂಕ್ರಾಂತಿಗೆ ನೀವು ನಮ್ಮ ಮನೆಗೇ ಬರಬೇಕು. ಬರುತ್ತೀರಿ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ.

ನಿಮ್ಮ ಅಳಿಯ,
ನಾಗೇಶ್


ಜನ್ನಾಪುರ
೯ ಫೆಬ್ರವರಿ ೨೦೨೫

ಪ್ರೀತಿಯ ಅಜ್ಜಿಗೆ,

ಸಂಕ್ರಾಂತಿಗೆ ನೀನು ಬಂದು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ ಎಂದು ಹಾಲಮ್ಮಜ್ಜಿ ಹೇಳುತ್ತಾರೆ. ನೀವಿಬ್ಬರೂ ಮಾತಾಡುವಾಗ ಎಷ್ಟು ಗಲಾಟೆ ಇತ್ತೆಂದು ಈಗ ನನಗೂ ಗೊತ್ತು.

ಮೊನ್ನೆ ಕಿವಿ ತೋರಿಸಿಕೊಂಡು ಬಂದೆವು. ಕಾರ್ಡು ತೆಗೆದುಕೊಂಡು ಹೋಗಿ, ಸಾಲಿನಲ್ಲಿ ಕೂತು, ಬೇಜಾರಾಗುವಷ್ಟು ಹೊತ್ತು ಕಾದೆವು. ಡಾಕ್ಟರು ನೋಡಿ ‘ಚೆನ್ನಾಗಿದೆ, ಮತ್ತೆ ಬನ್ನಿ’ ಅಂದರು, ಅಷ್ಟೇ. ಏನೂ ಆಗದೇ ಇರುವಾಗಲೂ ಡಾಕ್ಟರ ಹತ್ತಿರ ಹೋಗಿ ಬರುವುದು ಎಷ್ಟು ಸುಖ ಎಂದು ಅಮ್ಮ ಬಸ್ಸಿನಲ್ಲಿ ಹೇಳುತ್ತಾ ಇದ್ದಳು. ನನಗೆ ಅರ್ಥವಾಗಲಿಲ್ಲ. ನನಗೆ ಬೋರಾಯಿತು.

ತಲೆಸ್ನಾನ ಮಾಡುವಾಗ ಕಿವಿಗೆ ಹತ್ತಿ ಇಟ್ಟು ವ್ಯಾಸಲೀನ್ ಹಚ್ಚುತ್ತಾರೆ. ಆಗ ಮಾತ್ರ ಎಲ್ಲ ಮೊದಲಿನ ಹಾಗೆ ಆಗುತ್ತದೆ. ಹತ್ತಿ ತೆಗೆಯುವವರೆಗೆ ನಾನು ಅಮ್ಮನ ಸೆರಗು ಬಿಡುವುದಿಲ್ಲ.

ಭೂಮಿಕಾಳ ಕೆಟ್ಟ ಹಲ್ಲು ತೆಗೆದರು. ಲವಂಗದ ವಾಸನೆ ಹೋಯಿತು, ಬಾಯಿಯಲ್ಲಿ ಒಂದು ಕಿಟಕಿ ಬಂತು.

ಈಗ ಮುಖ್ಯವಾದ ಸುದ್ದಿ. ನಿನ್ನೆ ಸಂಧ್ಯಾ ಮಿಸ್ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರು. ಭೂಮಿಕಾ ನನ್ನ ಹತ್ತಿರ ಸರಿದು, ಅಂಗೈಯನ್ನು ಅಡ್ಡ ಹಿಡಿದುಕೊಂಡು ನನ್ನ ಕಿವಿಗೆ ಬಾಯಿಟ್ಟಳು. ಯಾವಾಗಲೂ ನನಗೆ ಕಿವಿಯಲ್ಲಿ ಬರೀ ಬಿಸಿ ಗಾಳಿ ಬರುತ್ತಿತ್ತು. ಆಮೇಲೆ ಅವಳು ‘ಗೊತ್ತಾಯ್ತಾ?’ ಎನ್ನುವ ಹಾಗೆ ನೋಡಿದರೆ ನಾನು ತಲೆ ಆಡಿಸುತ್ತಿದ್ದೆ. ನಿನ್ನೆ ಗಾಳಿಯೊಳಗೆ ಮಾತಿತ್ತು ಅಜ್ಜಿ! ಒಂದೊಂದು ಅಕ್ಷರವೂ ಕೇಳಿಸಿತು. ಅದು ಎಂಥ ಮಾತು ಅಂದರೆ, ನಾನು ತಡೆದುಕೊಳ್ಳಲಾಗದೆ ಕಿಸಕ್ಕೆಂದು ನಕ್ಕೆ. ಮಿಸ್ ತಿರುಗಿದರು. ‘ಕವನಾ, ಭೂಮಿಕಾ, ಎದ್ದು ನಿಲ್ಲಿ. ಏನದು ಗುಸುಗುಸು?’ ಅಂದರು. ಇಬ್ಬರೂ ಪೀರಿಯಡ್ ಮುಗಿಯುವ ತನಕ ನಿಂತೆವು. ಆಮೇಲೆ ಮಿಸ್ ನನ್ನನ್ನು ಹತ್ತಿರ ಕರೆದು, ನನ್ನ ಕೆನ್ನೆ ಹಿಂಡಿ, ಯಾಕೋ ಕಣ್ಣೊರೆಸಿಕೊಂಡರು.

ಮನೆಗೆ ಬಂದು ಹೇಳಿದರೆ, ತರಗತಿಯಲ್ಲಿ ಮಾತಾಡಿ ನಿಲ್ಲಿಸಿಕೊಂಡದ್ದಕ್ಕೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯಲ್ಲಿ ಒಂದು ಸುತ್ತು ಹಾಕಿಸಿದರು. ನಮ್ಮ ಮನೆಯವರಿಗೆ ಏನಾಗಿದೆಯೋ ಗೊತ್ತಿಲ್ಲ.

ಭೂಮಿಕಾ ಏನು ಹೇಳಿದಳು ಎಂದು ಅಮ್ಮ ಕೇಳಿದಳು, ಅಪ್ಪ ಕೇಳಿದರು, ಹಾಲಮ್ಮಜ್ಜಿ ಬೆಲ್ಲ ಕೊಟ್ಟು ಕೇಳಿದರು. ನೀನೂ ಕೇಳಬೇಡ. ಯಾರಿಗೂ ಹೇಳುವ ಹಾಗಿಲ್ಲ.

ನಿನ್ನ,
ಕವನಾ